ಹುಡುಗ ಸ್ವಲ್ಪ ಗ್ರೀನ್ ಅದಾನ

ಲಕ್ಷ್ಮೇಶ್ವರದ ಬಜಾರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಯಮನೂರಸಾಬನಿಗೆ ಇಂಗ್ಲಿಷ್ ಬರುತ್ತಿತ್ತು. ಎಷ್ಟು ಬರುತ್ತಿತ್ತು ಎಂಬ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಒಂದು ಅವನದು, ಇನ್ನೊಂದು ಊರಿನದು. ಬಳೆ ಡಬ್ಬಿಗಳ ಮೇಲೆ ಅಚ್ಚಾದದ್ದನ್ನು ಇಪ್ಪತ್ತೈದು ವರ್ಷ ಓದಿ ಓದಿ ಅವನು ಆ ಭಾಷೆಯನ್ನು ಗಳಿಸಿದ್ದ. ಹೀಗಾಗಿ ಗ್ಲಾಸು, ಫ್ಯಾನ್ಸಿ, ಡಜನ್ನು, ‘ಹ್ಯಾಂಡಲ್ ವಿತ್ ಕೇರ್’ ಮತ್ತು ಏಳೆಂಟು ಬಣ್ಣಗಳ ಹೆಸರು, ಇಷ್ಟರೊಳಗೆ ಅವನನ್ನು ಸೋಲಿಸುವ ಗಂಡಸು ತಾಲೂಕಿನಲ್ಲಿ ಇರಲಿಲ್ಲ. ಹೆಂಡತಿ ಮೆಹಬೂಬಿ ತುಂಬಿದ ಕೊಡ ಹೊತ್ತು ಬಂದರೂ ಅವನು ‘ಹ್ಯಾಂಡಲ್ ವಿತ್ ಕೇರ್’ ಅನ್ನುತ್ತಿದ್ದ. “ಇಪ್ಪತ್ತೆರಡು ವರ್ಷದಿಂದ ನಿಮ್ಮನ್ನ ಹಂಗ ಹಿಡಕೊಂಡ ಬಂದೀನಿ, ಕೊಡಾ ಯಾವ ಲೆಕ್ಕ” ಎಂದು ಅವಳು ಒಳಗೆ ಹೋಗುತ್ತಿದ್ದಳು.

ಗದಗ ಹೊಸ ಜಿಲ್ಲೆಯಾಗಿ ಆಗ ಒಂದು ವರ್ಷ ಆಗಿತ್ತಷ್ಟೆ. ಹೊಸ ಆಫೀಸು, ಹೊಸ ಕುರ್ಚಿ, ಹೊಸ ಗುಮಾಸ್ತರು. ಆ ಹೊಸ ಗುಮಾಸ್ತರಲ್ಲಿ ಒಬ್ಬನಾದ ಮುಂಡರಗಿಯ ಇಜಾಜನ ಸಂಬಂಧ ಯಮನೂರಸಾಬನ ಮಗಳು ಫರ್ಹಾನಾಳಿಗೆ ಬಂತು. ಫರ್ಹಾನಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಹುಡುಗನ ತಂದೆ ಉಸ್ಮಾನಸಾಬನದು ಮುಂಡರಗಿ ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿ. ಹುಡುಗನ ಕರಿ-ಬಿಳಿ ಫೋಟೋ ಒಂದು ಬಂತು. ಮನೆಯ ಹಿರಿಯರಿಗೆಲ್ಲ ಒಪ್ಪಿಗೆಯಾಯಿತು. ಬೇರೆಯವನಾಗಿದ್ದರೆ ಇಲ್ಲಿಗೆ ಸಕ್ಕರೆ ಹಂಚಿ ಮುಗಿಸುತ್ತಿದ್ದ.

ಯಮನೂರಸಾಬ ಮುಗಿಸಲಿಲ್ಲ. “ಸರ್ಕಾರಿ ಅಳಿಯಾ ಅಂದ ಮ್ಯಾಲೆ ಸರ್ಕಾರಿ ರಿಪೋರ್ಟ ಬೇಕು” ಎಂದು ಅರ್ಜಿ ಬರೆಯುವವನ ಕಡೆ ಹೋಗಿ, ಹುಡುಗನ ಆಫೀಸಿನ ಸೂಪರಿಂಟೆಂಡೆಂಟ್ ಶಿವಯೋಗಿ ಸಾಹೇಬರಿಗೆ ಒಂದು ಕಾಗದ ಬರೆಸಿದ. “ಹುಡುಗ ಹೆಂಗ ಅದಾನ ಅಂತ ಖರೆ ಖರೆ ತಿಳಸ್ರಿ ಅಂತ ಬರಿ. ಉತ್ತರಾನೂ ಇಂಗ್ಲಿಷಿನ್ಯಾಗ ಇರಬೇಕು ಅನ್ನೂದು ಮರೀಬ್ಯಾಡ. ಕನ್ನಡದಾಗ ಬರದ್ರ ಊರ ಮಂದಿಯೆಲ್ಲಾ ಓದತಾರ.”

ಎಂಟು ದಿನಕ್ಕೆ ಉತ್ತರ ಬಂತು. ಟಪಾಲಿನವನು ಲಕೋಟೆ ಕೊಟ್ಟಾಗ ಅಂಗಡಿಯಲ್ಲಿ ನಾಲ್ಕು ಜನ ಹೆಂಗಸರಿದ್ದರು. ಎದುರು ಮನೆಯ ಗುರುಸಿದ್ದವ್ವನ ಕೈ ಯಮನೂರಸಾಬನ ಕೈಯಲ್ಲಿತ್ತು, ಬಳೆ ಅವಳ ಗೆಣ್ಣಿನ ಮೇಲೆ ಅರ್ಧ ದಾರಿಯಲ್ಲಿತ್ತು. ಆ ಕೈಯನ್ನು ಹಾಗೇ ಮಂಡಿಯ ಮೇಲೆ ಇಟ್ಟುಕೊಂಡು ಅವನು ಕಾಗದ ಬಿಡಿಸಿದ. ನಾಲ್ಕು ಜನ ಕೇಳುವವರಿರುವಾಗ ಇಂಗ್ಲಿಷ್ ಓದದೆ ಇರುವುದು ಅವನಿಂದ ಆಗುತ್ತಿರಲಿಲ್ಲ.

“ಬಾಯ್ ಈಸ್ ಹೊನೆಸ್ಟ್. ನೋಡ್ರಿ, ಹುಡುಗ ಹೊನ್ನಿನಂಥವ. ಫ್ಯಾಮಿಲಿ ಗುಡ್. ಮನಿತನ ಚೊಲೋ. ಓನ್ಲಿ ಹಿ ಈಸ್ ಎ ಲಿಟಲ್ ಗ್ರೀನ್.”

ಇಲ್ಲಿ ಅವನ ದನಿ ನಿಂತಿತು.

“ಕಡೀಕಿಂದು ಏನಂತ?” ಗುರುಸಿದ್ದವ್ವ ಕೇಳಿದಳು.

“ಸ್ವಲ್ಪ ಹಸರ ಅದಾನಂತ.”

“ಯಾರು?”

“ಹುಡುಗ.”

ಪಟ್ ಎಂದು ಬಳೆ ಒಡೆಯಿತು. ಯಾರೂ ಅದರ ಕಡೆ ನೋಡಲಿಲ್ಲ. ಬೇರೆ ಯಾವ ಶಬ್ದವಾಗಿದ್ದರೂ ಯಮನೂರಸಾಬ ಇನ್ನೊಬ್ಬರನ್ನು ಕೇಳುತ್ತಿದ್ದನೋ ಏನೋ. ಗ್ರೀನ್ ಮಾತ್ರ ಅವನ ಸ್ವಂತ ಶಬ್ದ. ಸಾವಿರಾರು ಡಬ್ಬಿಗಳ ಮೇಲೆ ಓದಿದ ಶಬ್ದ. ಅದರ ಅರ್ಥ ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದೆಂದರೆ ಅಂಗಡಿ ಮುಚ್ಚಿದಂತೆ.

“ಯಮನೂರಣ್ಣಾ, ಇದು ಕಾಮಣಿ ಬ್ಯಾನಿ” ಎಂದಳು ಗುರುಸಿದ್ದವ್ವ. “ನಮ್ಮ ಮಾವನೂ ಮೊದಲ ಹಳದಿ ಆದ. ಹಳದಿ ಹಳೇದಾತಂದ್ರ ಹಸರ ಆಕ್ಕೈತಿ.”

ಒಳಗಿನಿಂದ ಬಂದ ಮೆಹಬೂಬಿ ಫೋಟೋ ಹಿಡಿದು ಬೆಳಕಿಗೆ ನೋಡಿದಳು. “ಫೋಟೋದಾಗ ಹಸರ ಕಾಣಂಗಿಲ್ಲಲ್ರಿ.”

“ಫೋಟೋ ಕರಿ-ಬಿಳಿ ಐತೆಲ್ಲ!” ಎಂದ ಯಮನೂರಸಾಬ, ಮತ್ತು ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದ. “ಅದಕ್ಕ ಅವರು ಕರಿ-ಬಿಳಿ ಕಳಿಸ್ಯಾರ!”

ಸಂಜೆಯೊಳಗೆ ವಿಷಯ ಬಜಾರದ ಈ ತುದಿಯಿಂದ ಆ ತುದಿ ಮುಟ್ಟಿತು. ಗದಗ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಬಾವುಟ ಬೀಸಿ ನಿವೃತ್ತನಾಗಿದ್ದ ಗೆಳೆಯ ಮುದಕಪ್ಪ, ಕರೆಯದೆಯೇ ಬಂದು ಕಟ್ಟೆಯ ಮೇಲೆ ಕುಳಿತ. ಬಣ್ಣಗಳ ವಿಷಯದಲ್ಲಿ ರೇಲ್ವೆಯ ಮಾತೇ ಕೊನೆಯ ಮಾತು ಎಂಬುದು ಅವನ ನಂಬಿಕೆ.

“ಗ್ರೀನ್ ಅಂದ್ರ ಲೈನ್ ಕ್ಲಿಯರ್. ಅದು ಬರೋಬರಿ. ಆದ್ರ ‘ಸ್ವಲ್ಪ ಗ್ರೀನ್’ ಅಂಬೂದು ರೇಲ್ವೆದಾಗ ಇಲ್ಲ ಯಮನೂರಾ. ಸಿಗ್ನಲ್ಲು ಸ್ವಲ್ಪ ಗ್ರೀನ್ ಬಿದ್ರ ಡ್ರೈವರ ಗಾಡಿ ಬಿಡಬೇಕೋ, ನಿಂದರಿಸಬೇಕೋ? ಇಂಥಾದ್ರಾಗ ಭಾಳ ಮಂದಿ ಸತ್ತಾರ.”

ಮೆಹಬೂಬಿಯ ಅಣ್ಣ ಅಬ್ದುಲಗನಿ ಶಿರಹಟ್ಟಿಯಿಂದ ಮರುದಿನ ಬಂದ. ಇವನು ಎಳೆಯ ವಯಸ್ಸಿನಲ್ಲಿ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಕಾಗದವನ್ನು ಎರಡು ಸಲ ಓದಿಸಿಕೊಂಡು ಕೇಳಿ, ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿದ.

“ಭಾವಾ, ನಾಟಕದಾಗ ಬಣ್ಣಾ ಹಚ್ಚೋ ಖೋಲಿಗೆ ಏನಂತಾರ ಹೇಳ್ರಿ? ಗ್ರೀನ್ ರೂಮ್! ಹುಡುಗ ನಾಟಕದಾಗ ಪಾರ್ಟ ಮಾಡತಾನ. ‘ಲಿಟಲ್’ ಅಂದಾರಂದ್ರ ಸಣ್ಣ ಪಾರ್ಟು. ಗಡ್ಡ ಮೀಸಿ ಇಲ್ಲದ ಮಾರಿ ನೋಡಿದ್ರ ಹೆಣ್ಣಿನ ಪಾರ್ಟ ಇರಬೇಕು.”

ಮೆಹಬೂಬಿ ಸೆರಗು ಬಾಯಿಗೆ ಹಚ್ಚಿದಳು. ಕಾಮಣಿಯಾದರೂ ಔಷಧಕ್ಕೆ ಬಗ್ಗುತ್ತದೆ.

ಎರಡು ದಿನ ಊಟ ಸೇರದ ಮೇಲೆ ಯಮನೂರಸಾಬ ತೀರ್ಮಾನಕ್ಕೆ ಬಂದ. ಹುಡುಗನನ್ನು ಕಣ್ಣಾರೆ ನೋಡಬೇಕು. ಹುಡುಗ ತನ್ನನ್ನು ಎಂದೂ ನೋಡಿಲ್ಲ, ಗುರುತು ಸಿಗುವುದಿಲ್ಲ. ಅವನು ಗಿಳಿ ಹಸಿರು, ಪಾಚಿ ಹಸಿರು, ಬಾಟ್ಲಿ ಹಸಿರು ಮೂರೂ ಬಗೆಯ ಬಳೆಗಳನ್ನು ಒಂದು ದಾರಕ್ಕೆ ಪೋಣಿಸಿ ಜೇಬಿಗಿಟ್ಟು ಗದಗ ಬಸ್ಸು ಹತ್ತಿದ. ಹೋಲಿಸಿ ನೋಡದೆ ಬಣ್ಣದ ಬಗ್ಗೆ ಮಾತಾಡುವುದು ಅವನ ವೃತ್ತಿಗೆ ಒಪ್ಪುವ ಕೆಲಸವಾಗಿರಲಿಲ್ಲ.

ಆಫೀಸಿನ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಗೋಡೆಗೆ ಎದೆಮಟ್ಟ ಹಸಿರು ಬಣ್ಣ. ಮೇಜಿಗೆ ಹಸಿರು ಬಟ್ಟೆ. ಕಿಟಕಿಗೆ ಹಸಿರು ಪರದೆ, ಅದರೊಳಗಿಂದ ಬಂದ ಬಿಸಿಲು ಸುಣ್ಣದ ಮೇಲೂ ಹಸಿರಾಗಿ ಬಿದ್ದಿತ್ತು. ಪರದೆಯ ಪಕ್ಕದಲ್ಲೇ ಕುಳಿತಿದ್ದ ಇಜಾಜ. ಅರ್ಧ ಮುಖ ಸರಿ ಇತ್ತು, ಇನ್ನರ್ಧ ಖರೇನ ಹಸಿರು.

ಸಾಲು ಮುಂದೆ ಸರಿದು ಯಮನೂರಸಾಬನ ಪಾಳಿ ಬಂತು.

“ಏನ್ ಬೇಕಾಗಿತ್ರಿ ಚಾಚಾ?”

ಯಮನೂರಸಾಬ ಇದಕ್ಕೆ ತಯಾರಾಗಿ ಬಂದಿರಲಿಲ್ಲ. “ಅರ್ಜಿ.”

“ಯಾವ ಅರ್ಜಿ?”

“ಯಾವುದರ ಒಂದು ಕೊಡಪಾ.”

ಹುಡುಗ ಗಡಬಡಿಸಿ ಮೂರು ಕಟ್ಟು ಹುಡುಕಿ, ಒಂದನ್ನು ಕೆಳಗೆ ಕೆಡವಿ, ಒಂದು ಕಾಗದ ಕೊಟ್ಟ. “ಇಲ್ಲೆ ಹೆಸರು ಬರೀರಿ. ಇಲ್ಲೆ ನಿಮ್ಮ ಗಂಡ ತೀರಿಕೊಂಡ ತಾರೀಖು...” ಅಲ್ಲಿಗೆ ಅವನ ಬಾಯಿ ನಿಂತಿತು. ಕಾಗದ ನೋಡಿದ, ಚಾಚಾನ ಗಡ್ಡ ನೋಡಿದ. “ತಪ್ಪಾತ್ರಿ, ಇದು ವಿಧವಾ ವೇತನದ್ದು.”

ಅಷ್ಟರಲ್ಲಿ ಆಫೀಸಿನ ಸಿಪಾಯಿ ಚಹಾ ತಂದ. ಇಜಾಜ ಧಡಕ್ಕನೆ ಎದ್ದು “ನಮಸ್ಕಾರ್ರಿ ಸರ್” ಎಂದ. ಸಿಪಾಯಿ ಗಂಭೀರವಾಗಿ “ಕುಂಡ್ರಪಾ” ಎಂದು ಅಪ್ಪಣೆ ಕೊಟ್ಟು ಮುಂದೆ ಹೋದ. ಆದರೆ ಇಜಾಜ ಕುಳಿತುಕೊಳ್ಳಲಿಲ್ಲ. ಸಾಲಿನಲ್ಲಿ ಹರ್ತಿಯ ಕಡೆಯ ಒಬ್ಬ ಮುದುಕಿ ಕಾಲು ಬದಲಿಸುತ್ತ ನಿಂತಿದ್ದಳು. ಅವಳನ್ನು ಒಳಗೆ ಕರೆದು ತನ್ನ ಕುರ್ಚಿಯಲ್ಲಿ ಕೂಡ್ರಿಸಿದ. ಆಮೇಲೆ ತಾನೇ ನಿಂತುಕೊಂಡು ಬಗ್ಗಿ ಬಗ್ಗಿ ಬರೆಯತೊಡಗಿದ. ಬರೆದದ್ದರ ಮೇಲೆ ಶಿಕ್ಕಾ ಒತ್ತಿದ. ಅದು ತಲೆಕೆಳಗಾಗಿ ಬಿತ್ತು.

ಇದೊಂದನ್ನೂ ಯಮನೂರಸಾಬ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಶಿಕ್ಕಾ ಒತ್ತುವ ಆ ಮಣಿಕಟ್ಟಿನ ಬಣ್ಣವನ್ನು. ಮೆಲ್ಲಗೆ ಜೇಬಿನಿಂದ ಬಳೆ ತೆಗೆದು ಅದರ ಪಕ್ಕಕ್ಕೆ ಹಿಡಿದ. ಗಿಳಿ ಹಸಿರು ಹೊಂದಲಿಲ್ಲ. ಪಾಚಿ ಹಸಿರು ಸ್ವಲ್ಪ ಹತ್ತಿರ ಬಂತು. ಇನ್ನೂ ಚೆನ್ನಾಗಿ ನೋಡಲೆಂದು ಅದನ್ನು ದಾರದಿಂದ ಬಿಚ್ಚಿ ಹುಡುಗನ ಬೆರಳುಗಳಿಗೆ ಏರಿಸಿದ. ಇಪ್ಪತ್ತೈದು ವರ್ಷದ ರೂಢಿ, ಕೈ ಸಿಕ್ಕರೆ ಸಾಕು, ಬಳೆ ತಾನೇ ಒಳಗೆ ಇಳಿಯುತ್ತದೆ. ಇಳಿಯಿತು.

“ಚಾಚಾ, ಏನ ಮಾಡಾಕತ್ತೀರಿ?”

“ಅಳತಿ.”

“ನನಗ ಬಳಿ ಬ್ಯಾಡ್ರಿ!”

ಸಾಲಿಗೆ ಸಾಲೇ ನಕ್ಕಿತು. ಯಮನೂರಸಾಬ ನಗಲಿಲ್ಲ. ಹೆಂಗಸರ ಬಳೆ ಗಂಡಸಿನ ಕೈಗೆ ಎಷ್ಟು ಸರಾಗ ಏರಿತು! ಭಾವಮೈದುನ ಅಬ್ದುಲಗನಿ ಹೇಳಿದ್ದು ಖರೆ ಇರಬೇಕು.

ಗದ್ದಲ ಕೇಳಿ ಒಳಗಿನಿಂದ ಶಿವಯೋಗಿ ಸಾಹೇಬರು ಬಂದರು. ಯಮನೂರಸಾಬ ಅವರನ್ನು ಬಾಗಿಲ ಹೊರಗೆ ಕರೆದು ತಾನು ಯಾರೆಂದು ಕಿವಿಯಲ್ಲಿ ಹೇಳಿದ. ಸಾಹೇಬರು ಸಂತೋಷಪಟ್ಟರು.

“ನನ್ನ ಕಾಗದ ಮುಟ್ಟಿತಿಲ್ರಿ? ಎಲ್ಲಾ ತಿಳೀತಿಲ್ರಿ?”

“ತಿಳೀತ್ರಿ ಸಾಹೇಬ್ರ. ಫಸ್ಟ್‌ಕ್ಲಾಸ್ ಇಂಗ್ಲಿಷು.” ‘ಗ್ರೀನ್ ಅಂದರೇನು’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಮಾನ ಅದನ್ನು ಹಿಂದಕ್ಕೆ ಎಳೆಯಿತು. “ಆ ಗ್ರೀನ್ ಅಂತ ಬರದೀರೆಲ್ಲ, ಅದು... ಭಾಳ ಐತೇನ್ರಿ?”

“ಏ, ಅದಕ್ಯಾಕ ಚಿಂತಿ ಮಾಡ್ತೀರಿ? ಒಂದು ವರ್ಷದಾಗ ಹೋಗ್ತೈತಿ.”

ಯಮನೂರಸಾಬ ಕಂಬ ಹಿಡಿದುಕೊಂಡ. “ಒಂದ ವರ್ಷದಾಗ ಹೋಗತಾನ?”

“ಹೋಗತಾನಲ್ಲ, ಹೋಗತೈತಿ. ಮೊದಮೊದಲು ಎಲ್ಲಾರಿಗೂ ಇರತೈತ್ರಿ. ನನಗೂ ಇತ್ತು.”

“ನಿಮಗೂ?”

“ಮೂರು ವರ್ಷ! ನಮ್ಮ ಹಿರೀ ಸಾಹೇಬ್ರು ದಿನಾ ಮುಂಜಾನೆ ಬೈದು ಬೈದು ತೆಗದ್ರು. ಈಗ ನೋಡ್ರಿ, ಈ ಹೊಸ ಜಿಲ್ಲಾಕ್ಕ ಹೊಸದಾಗಿ ಬಂದ ಗುಮಾಸ್ತರು ಇಪ್ಪತ್ತು ಮಂದಿ ಅದಾರ, ಇಪ್ಪತ್ತೂ ಮಂದಿಗೆ ಐತಿ. ನಿಮ್ಮ ಹುಡುಗಗ ಸ್ವಲ್ಪ ಕಡಿಮೀನ.”

ಬಳೆಗಾರ ಹೇಗೆ ಬಸ್ಸು ಹತ್ತಿದನೋ ಅವನಿಗೇ ಗೊತ್ತಿಲ್ಲ. ಇಪ್ಪತ್ತು ಮಂದಿ! ಇದು ಒಬ್ಬನ ಬ್ಯಾನಿಯಲ್ಲ, ಹೊಸ ಜಿಲ್ಲೆಗೇ ಹತ್ತಿದ ಬ್ಯಾನಿ. ಬಸ್ಸಿನಲ್ಲಿ ಪಕ್ಕದವನಿಗೆ ಹೇಳಬಾರದೆಂದುಕೊಂಡೇ ಹೇಳಿದ. ಬಸ್ಸು ಲಕ್ಷ್ಮೇಶ್ವರ ಮುಟ್ಟುವ ಹೊತ್ತಿಗೆ ಸುದ್ದಿ ಹಿಂದಿನ ಸೀಟಿನಿಂದ ಡ್ರೈವರನ ತನಕ ಹೋಗಿ, ಇಪ್ಪತ್ತು ಇನ್ನೂರಾಗಿ, ಯಮನೂರಸಾಬನ ಕಿವಿಗೇ ವಾಪಸು ಬಂತು. ಇನ್ನೂರು ಎಂದು ಕೇಳಿ ಅವನು ಇನ್ನಷ್ಟು ಹೆದರಿದ.

ಮರುದಿನದಿಂದ ಪಕ್ಕದ ಊರು ಶಿಗ್ಲಿಯವರು, ಲಕ್ಷ್ಮೇಶ್ವರದವರು ಗದಗ ಆಫೀಸಿನಿಂದ ಬಂದ ಕಾಗದಗಳನ್ನು ಅಂಗಳದಲ್ಲಿ ಬಿಸಿಲಿಗೆ ಒಣಗಿಸಿ ಒಳಗೆ ಒಯ್ಯತೊಡಗಿದರು. ಮುದಕಪ್ಪ ತನ್ನ ಪಿಂಚಣಿಯ ಪತ್ರವನ್ನು ಚಿಮಟಿಗೆಯಲ್ಲಿ ಹಿಡಿದು ಓದಿದ. ಯಾರಾದರೂ ಗದಗಕ್ಕೆ ಹೊರಟರೆ ಗುರುಸಿದ್ದವ್ವ ಮೂಗಿಗೆ ಕಟ್ಟಿಕೊಳ್ಳಲು ಅರಿವೆ ಕೊಡುತ್ತಿದ್ದಳು. “ಅಲ್ಲೆ ಬೈಸಿಕೊಂಡ ಬರ್ರಿ, ಬೈದ್ರ ಕಡಿಮಿ ಆಕ್ಕೈತಂತ” ಎಂದು ಉಪಾಯವನ್ನೂ ಹೇಳಿ ಕಳಿಸುತ್ತಿದ್ದಳು. ಆಫೀಸಿಗೆ ಹೋದವರಿಗೆ ಬೈಸಿಕೊಳ್ಳಲು ಹೆಚ್ಚು ಕಷ್ಟವಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಇತ್ತ ಅಬ್ದುಲಗನಿ, ನಾಜೂಕಾಗಿ ವಿಚಾರಿಸಿ ಬರುತ್ತೇನೆಂದು ಮುಂಡರಗಿಗೆ ಹೋದ. ಅವನ ನಾಜೂಕು ಹೀಗಿತ್ತು: ಸೈಕಲ್ ಅಂಗಡಿಯ ಮುಂದೆ ನಿಂತು, ಪಂಕ್ಚರ್ ತಿದ್ದುತ್ತಿದ್ದ ಉಸ್ಮಾನಸಾಬನನ್ನು “ನಿಮ್ಮ ಮಗಾ ಯಾವಾಗಿಂದ ಹಸರ ಅದಾನ್ರಿ?” ಎಂದು ಕೇಳಿದ. ಉಸ್ಮಾನಸಾಬ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಎತ್ತಿಕೊಂಡ. ಅಬ್ದುಲಗನಿ ಓಡುತ್ತ ಓಡುತ್ತಲೇ ಕಾಮಣಿಯದನ್ನೂ, ನಾಟಕದ್ದನ್ನೂ, ಒಂದು ವರ್ಷದ್ದನ್ನೂ ಹೇಳಿ ಮುಗಿಸಿದ.

ಒಳಗೆ ಕೇಳಿಸಿಕೊಂಡ ಇಜಾಜನ ತಾಯಿ ಅಲ್ಮಾಸಬಿ ಎದೆ ಎದೆ ಬಡಿದುಕೊಂಡಳು. ಅಳುವುದು ಮುಗಿಯುವ ಮೊದಲೇ ಹಿತ್ತಲಿಗೆ ಹೋಗಿ ನೆಲನೆಲ್ಲಿ ಸೊಪ್ಪು ಕಿತ್ತು ರುಬ್ಬಲು ಕುಳಿತಳು. ಕಾಮಣಿಗೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ ಎಂದು ಅವಳ ತಾಯಿ ಹೇಳಿದ್ದಳು. ಸಂಜೆ ಆಫೀಸಿನಿಂದ ದಣಿದು ಬಂದ ಮಗನ ಕೈಗೆ ಒಂದು ಲೋಟ ಹಸಿರು ರಸ ಬಂತು.

“ನನಗೇನ ಆಗೇತಿ ಅಮ್ಮಾ?”

“ಏನೂ ಆಗಿಲ್ಲಪಾ. ಕುಡಿ” ಎಂದು ಅವಳು ಗೊಳೋ ಎಂದು ಅತ್ತಳು. ಅವನು ಕುಡಿದ.

ಮೂರು ದಿನ, ಹೊತ್ತಿಗೆ ಒಂದು ಲೋಟದಂತೆ ಕುಡಿದ. ನಾಲ್ಕನೆಯ ದಿನ ಭಾನುವಾರ. ಉಸ್ಮಾನಸಾಬ ಹೆಂಡತಿ ಮಗನನ್ನು ಕರೆದುಕೊಂಡು, ಇದೊಂದು ಕಡೆಗಾಗಲಿ ಎಂದು ಲಕ್ಷ್ಮೇಶ್ವರಕ್ಕೆ ಹೊರಟ. ಔಷಧದ ಹೊತ್ತು ತಪ್ಪಬಾರದೆಂದು ಅಲ್ಮಾಸಬಿ ಬಾಟ್ಲಿ ತಂದಿದ್ದಳು. ಊರು ಮುಟ್ಟುವ ಮುನ್ನ ಇಜಾಜ ಬಾಟ್ಲಿ ಬಾಯಿಗೆ ಹಚ್ಚುವುದಕ್ಕೂ ಬಸ್ಸು ತೆಗ್ಗಿಗೆ ಬೀಳುವುದಕ್ಕೂ ಸರಿಹೋಯಿತು.

ಹೀಗಾಗಿ ಯಮನೂರಸಾಬನ ಹೊಸ್ತಿಲ ಮೇಲೆ ಬಂದು ನಿಂತ ಇಜಾಜನ ತುಟಿ ಹಸಿರು, ಗದ್ದ ಹಸಿರು, ಹಲ್ಲು ಹಸಿರು, ಬಿಳಿ ಅಂಗಿಯ ಮುಂಭಾಗ ಹೊಟ್ಟೆಯ ತನಕ ಹಸಿರು.

ಗುರುಸಿದ್ದವ್ವ ತನ್ನ ಕಟ್ಟೆಯಿಂದ ಚೀರಿದಳು. “ಯವ್ವಾ, ಖರೇನ ಹಸರ ಅದಾನ!”

ಓಣಿ ಕ್ಷಣದಲ್ಲಿ ತುಂಬಿತು. ಮುದಕಪ್ಪ, ಅಬ್ದುಲಗನಿ ಮೊದಲೇ ಪಡಸಾಲೆಯಲ್ಲಿದ್ದರು. ಉಸ್ಮಾನಸಾಬ ಒಳಗೆ ಬಂದವನು ಕೂಡಲಿಲ್ಲ. “ನನ್ನ ಮಗನ ಮ್ಯಾಲೆ ಏನೇನ ಎಬ್ಬಿಸೀರಿ ನೀವು? ನಾವೇನ ನಿಮ್ಮ ಮನಿಗೆ ಬೇಡಾಕ ಬಂದಿದ್ವಿ?”

“ನಾ ಎಬ್ಬಿಸಿಲ್ರಿ. ಸರ್ಕಾರಾನ ಬರದು ಕೊಟ್ಟೈತಿ” ಎಂದು ಯಮನೂರಸಾಬ ಕಾಗದ ಮುಂದೆ ಹಿಡಿದ.

ಉಸ್ಮಾನಸಾಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಗನ ಕೈಗೆ ಕೊಟ್ಟ. “ಓದಲೇ. ಏನ ಬರದಾರ?”

ಇಜಾಜ ಓದಿದ. ಹಸಿರು ಬಾಯಿಯ ಮೇಲೆ ಮುಖ ಕೆಂಪಾಯಿತು. “ಅದು... ನನ್ನ ಬಾಯಿಲೆ ಹೆಂಗ ಹೇಳ್ಲಿ ಅಪ್ಪಾ?”

ಅಲ್ಮಾಸಬಿ ಗೋಡೆಗೆ ಒರಗಿ ಕುಸಿದಳು. ಮಗನೇ ಬಾಯಿಬಿಟ್ಟು ಹೇಳಲಾರದ ಬ್ಯಾನಿ! ಆಗ ಒಳಕೋಣೆಯ ಪರದೆಯ ಹಿಂದಿನಿಂದ ಒಂದು ಕೈ ಹೊರಗೆ ಬಂತು.

“ಅಬ್ಬಾ, ಆ ಕಾಗದ ಇಲ್ಲೆ ಕೊಡ್ರಿ.”

ಕಾಗದ ಒಳಗೆ ಹೋಯಿತು. ಆಮೇಲೆ ಫರ್ಹಾನಾ ನಕ್ಕದ್ದು ಕೇಳಿಸಿತು. ಮೊದಲು ತಡೆದು ತಡೆದು, ಆಮೇಲೆ ತಡೆಯಲಾರದೆ. ಕಣ್ಣು ಒರೆಸಿಕೊಳ್ಳುತ್ತ ಅವಳು ಪರದೆ ಸರಿಸಿ ಹೊರಗೇ ಬಂದಳು.

“ಅಬ್ಬಾ, ಇದು ಬಣ್ಣ ಅಲ್ರಿ. ಗ್ರೀನ್ ಅಂದ್ರ ಎಳಸು. ಕೆಲಸಕ್ಕ ಹೊಸಬ, ಇನ್ನೂ ಪಳಗಿಲ್ಲ ಅಂತ ಬರದಾರ. ಅಷ್ಟ.”

ಯಮನೂರಸಾಬ ಕಾಗದ ಇಸಿದುಕೊಂಡು ಆ ಶಬ್ದವನ್ನು ಮತ್ತೆ ನೋಡಿದ. “ಡಬ್ಬಿ ಮ್ಯಾಲೆ ಹಂಗ ಇರಂಗಿಲ್ಲಲ್ಲ?”

“ಡಬ್ಬಿಯೊಳಗ ಬಳಿ ಇರತಾವ, ಗುಮಾಸ್ತರು ಇರಂಗಿಲ್ಲ.”

“ಮತ್ತ ಗೊತ್ತಿದ್ದಾಕಿ ಇಷ್ಟ ದಿನ ಸುಮ್ನ ಯಾಕಿದ್ದಿ?”

“ನನಗ ಯಾರ ತೋರಿಸಿದ್ರಿ? ಬಜಾರಕ್ಕೆಲ್ಲಾ ಓದಿ ಹೇಳಿದ್ರಿ, ಮುದಕಪ್ಪ ಕಾಕಾಗ ತೋರಿಸಿದ್ರಿ, ಮಾಮುಗ ತೋರಿಸಿದ್ರಿ. ನನಗ ಇವರ ಫೋಟೋ ಸೈತ ತೋರಿಸಿಲ್ಲ.”

ಮುದಕಪ್ಪ ಛತ್ತನ್ನು ನೋಡಿದ. ಅಬ್ದುಲಗನಿಗೆ ಶಿರಹಟ್ಟಿಯ ಬಸ್ಸಿನ ನೆನಪಾಯಿತು.

ಆದರೆ ಉಸ್ಮಾನಸಾಬನ ಸಿಟ್ಟು ಇಳಿಯುವ ಬದಲು ಏರಿತು. ಬ್ಯಾನಿಯನ್ನಾದರೂ ಅಲ್ಲಾಹನ ಮರ್ಜಿ ಎನ್ನಬಹುದು. “ಎಳಸ? ಯಾರು ಎಳಸ? ನನ್ನ ಮಗಗ ಎಳಸ ಅನ್ನಾಕ ಅವರ್ಯಾರು? ನಡಿಯಲೇ ಇಜಾಜ, ಈ ಸಂಬಂಧಾನ ಬ್ಯಾಡ!”

ಇಜಾಜ ನಡೆಯಲಿಲ್ಲ. ನೆಲ ನೋಡುತ್ತ ಹೇಳಿದ. “ಖರೆ ಐತಿ ಅಪ್ಪಾ. ನಾ ಎಳಸ ಅದೀನಿ. ದಿನಾ ಒಂದ ತಪ್ಪು ಮಾಡತೀನಿ. ಮೊನ್ನೆ ಒಬ್ಬ ಚಾಚಾಗ ವಿಧವಾ ವೇತನದ ಅರ್ಜಿ ಕೊಟ್ಟು, ನಿಮ್ಮ ಗಂಡ ಯಾವಾಗ ತೀರಿಕೊಂಡ್ರು ಅಂತ ಕೇಳಿದೆ...” ಎನ್ನುತ್ತ ತಲೆ ಎತ್ತಿದವನು ಹಾಗೇ ನಿಂತ. “ಇವರಿಗೇನ! ಅಪ್ಪಾ, ಇವರಿಗೇನ ಕೊಟ್ಟದ್ದು! ಇವರು ನನಗ ಬಳಿ ತೊಡಿಸಿ ಹೋದ್ರು!”

ಎಲ್ಲರೂ ಯಮನೂರಸಾಬನ ಕಡೆ ತಿರುಗಿದರು. ಮೆಹಬೂಬಿ ನಡುವಿಗೆ ಕೈ ಕೊಟ್ಟಳು. “ಅಳಿಯಗ ಬಳಿ ತೊಡಿಸಿ ಬಂದೀರಿ?”

“ಬಣ್ಣ ನೋಡಾಕ ಹೋಗಿದ್ದೆ” ಎಂದ ಯಮನೂರಸಾಬ ಸಣ್ಣ ದನಿಯಲ್ಲಿ. ಮದುವೆಯಾದ ಮೇಲೆ ಅವನು ಹಾಗೆ ಮಾತಾಡಿದ್ದನ್ನು ಮೆಹಬೂಬಿ ಮೊದಲ ಸಲ ಕೇಳಿದಳು.

ಮೊದಲು ನಕ್ಕವಳು ಅಲ್ಮಾಸಬಿ. ಕುಸಿದು ಕುಳಿತಲ್ಲೇ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಆಮೇಲೆ ಓಣಿ ನಕ್ಕಿತು. ಎಲ್ಲರಿಗಿಂತ ಕೊನೆಗೆ, ಮೀಸೆಯೊಳಗೆ, ಬಹಳ ಕಷ್ಟಪಟ್ಟು ಉಸ್ಮಾನಸಾಬನೂ ನಕ್ಕು, ನಕ್ಕದ್ದನ್ನು ಯಾರೂ ನೋಡದಿರಲೆಂದು ಕುಳಿತುಕೊಂಡ.

ಫರ್ಹಾನಾ ಇಜಾಜನನ್ನು ನೋಡಿದಳು. ನೇರವಾಗಿ ನೋಡುತ್ತಿದ್ದುದು ಇದೇ ಮೊದಲು. “ಜಡ್ಡ ಇಲ್ಲ ಅಂತ ನಿಮಗ ಗೊತ್ತಿತ್ತಲ್ಲ. ಮೂರು ದಿನ ಆ ರಸ ಯಾಕ ಕುಡದ್ರಿ?”

“ಬ್ಯಾಡ ಅಂದ್ರ ಅಮ್ಮ ಅಳತಿದ್ಲು” ಎಂದ ಇಜಾಜ. “ಕುಡದ್ರೂ ಅಳತಿದ್ಲು ಖರೆ. ಸ್ವಲ್ಪ ಕಡಿಮಿ.”

ಅವಳು ಒಳಗೆ ಹೋದಳು. ಹಿರಿಯರು ಗಂಟಲು ಸರಿಪಡಿಸಿಕೊಂಡರು. “ಹಂಗಾರ ಏನಂತೀರಿ, ಹೂಂ ಅಂತೀರೋ ಊಹೂಂ ಅಂತೀರೋ?” ಎಂದು ಉಸ್ಮಾನಸಾಬ ಕೇಳಿದ. ಯಮನೂರಸಾಬ ಹೆಂಡತಿಯ ಮುಖ ನೋಡಿದ, ಅವಳು ಅಣ್ಣನ ಮುಖ ನೋಡಿದಳು, ಅಬ್ದುಲಗನಿ ಈ ಬಾರಿ ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ಅಡಿಗೆ ಮನೆಯಿಂದ ಸ್ಟೋ ಹೊತ್ತಿದ ಸಪ್ಪಳ, ಪಾತ್ರೆ ಇಟ್ಟ ಸಪ್ಪಳ ಬಂತು.

“ಅಮ್ಮಾ, ಚಾಕ್ಕ ಸಕ್ಕರಿ ಎಷ್ಟ ಹಾಕಬೇಕು ಅವರನ್ನ ಕೇಳು.”

“ಎಷ್ಟರ ಹಾಕ್ಲಿ” ಎಂದ ಇಜಾಜ ದೈನ್ಯದಿಂದ. “ಬಾಯೆಲ್ಲಾ ಕಹಿ ಆಗೇತಿ.”

ಅಷ್ಟು ಹೊತ್ತಿಗೆ ಗುರುಸಿದ್ದವ್ವ ಸುತ್ತು ಹಾಕಿ ಹಿತ್ತಲ ಕಿಟಕಿಗೆ ಬಂದು ನಿಂತಿದ್ದಳು. ಒಂದು ಚಮಚೆ ಬಿತ್ತು. ಎರಡು ಬಿತ್ತು. ಮೂರು ಬಿತ್ತು. ಬರೇ ಬೀಗರ ಮರ್ಯಾದೆಗಾದರೆ ಇಲ್ಲಿಗೆ ನಿಲ್ಲಬೇಕು ಎಂದು ಅವಳು ಕಿಟಕಿಗೆ ಇನ್ನೂ ಹತ್ತಿರ ಸರಿದಳು. ಲೋಟಕ್ಕೆ ನಾಲ್ಕನೆಯದು ಬಿತ್ತು. ಹುಡುಗಿ ಲೋಟ ನೋಡಿದಳು, ಒಂದು ಚೂರು ಯೋಚಿಸಿದಳು, ಮತ್ತೆ ಡಬ್ಬಿಯೊಳಗೆ ಚಮಚೆ ಹಾಕಿದಳು. ಐದನೆಯದು ಬೀಳುವುದನ್ನು ನೋಡಲು ಗುರುಸಿದ್ದವ್ವ ಅಲ್ಲಿರಲಿಲ್ಲ. ಸೀರೆ ಎತ್ತಿಕಟ್ಟಿ, ಬಜಾರಕ್ಕೆ ಖಬರ ಮುಟ್ಟಿಸಲು ಓಡಿದ್ದಳು.